ಟಾಮ್‌ಕ್ಯಾಟ್‌ಗೆ ಯಾವ ಲಿಂಕ್ ಕೊಟ್ಟರೆ ಬಾಳಿಕೆ ಬರುತ್ತದೆ?

ಲ್ಯಾಬ್ ಮ್ಯಾನ್ಯುಯಲ್‌ಗೆ ಹಾಕಲೆಂದು ಅಪಾಚೆ ಟಾಮ್‌ಕ್ಯಾಟ್‌ (ಅಪಾಚೆ ಸಂಸ್ಥೆಯ ಜಾವಾ ವೆಬ್ ಸರ್ವರ್ ತಂತ್ರಾಂಶ) ಇಳಿಸುವ ಲಿಂಕ್‌ಗಳನ್ನು ದಾವಣಗೆರೆಯ ಕಾಲೇಜು ವೈಫೈಯಲ್ಲೂ ಜಗಳೂರು ಕಡೆಯ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಹೋಲಿಸಿ ನೋಡಿದ್ದೇವೆ.

ಯಾವುದೋ ಒಂದು ಮಿರರ್‌ನ (ಅವೇ ಫೈಲ್‌ಗಳ ನಕಲು ಇಟ್ಟ ಬೇರೆ ಸರ್ವರ್) ವಿಳಾಸ ಕಾಪಿ ಮಾಡಿ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಮಿರರ್ ನಿಂತರೆ ಲಿಂಕೂ ಹೋಯಿತು.

ಅಪಾಚೆಯದೇ ಡೌನ್‌ಲೋಡ್ ಜಾಲವಾದ ಡಿಎಲ್‌ಸಿಡಿಎನ್ ವಿಳಾಸದಿಂದ ಫೈಲ್ ನೇರವಾಗಿ ಇಳಿಯುತ್ತದೆ, ವೇಗವೂ ಚೆನ್ನಾಗಿದೆ. ತೊಂದರೆ ಏನೆಂದರೆ ಅಲ್ಲಿರುವುದು ಚಾಲ್ತಿ ಆವೃತ್ತಿ ಮಾತ್ರ. ಹೊಸದು ಬಂದೊಡನೆ ಹಳೆಯದನ್ನು ತೆಗೆಯುತ್ತಾರೆ, ವಿದ್ಯಾರ್ಥಿಗೆ ಫೈಲ್ ಇಲ್ಲವೆನ್ನುವ 404 ದೋಷ ಸಿಗುತ್ತದೆ. ಹಳೆಯದೇ ಬೇಕೆಂದರೆ ಅಪಾಚೆ ಆರ್ಕೈವ್‌ನ ಲಿಂಕ್ ಕೊಡಿ. ಆದರೆ ಅರವತ್ತು ಕಂಪ್ಯೂಟರ್‌ಗಳನ್ನೂ ಅದರ ಮೇಲೆ ಬಿಡಬೇಡಿ. ಒಮ್ಮೆ ಇಳಿಸಿ ಲ್ಯಾಬ್ ಸರ್ವರ್‌ನಲ್ಲಿಟ್ಟರೆ ಸಾಕು.

ಹೆಚ್ಚು ಜನ ಎಡವುವುದು ಮಿರರ್ ಆರಿಸಿಕೊಡುವ ‘ಕ್ಲೋಸರ್’ ಲಿಂಕ್‌ನಲ್ಲಿ. ಬ್ರೌಸರ್‌ನಲ್ಲಿ ಮಿರರ್ ತೋರಿಸುವ ಪುಟ ತೆರೆಯುತ್ತದೆ, ಸರಿ. ಅದನ್ನೇ ಕಮಾಂಡ್‌ನಿಂದ ಫೈಲ್ ಇಳಿಸುವ ವಿಗೆಟ್‌ಗೆ ಕೊಟ್ಟರೆ ಆ ಪುಟವೇ ಫೈಲಾಗಿ ಉಳಿಯುತ್ತದೆ. ಬಿಚ್ಚಲು ಹೋದಾಗ ಟಾರ್ ಕಮಾಂಡ್ ‘ನಾಟ್ ಇನ್ ಜಿಜಿಪ್ ಫಾರ್ಮ್ಯಾಟ್’ ಎಂದು ದೂರುತ್ತದೆ. ಹತ್ತು ಎಂಬಿ ಮೀರಬೇಕಾದ ಫೈಲ್ ಕೆಲವೇ ಕೆಬಿ ಇದ್ದರೆ ಇದೇ ಕಾರಣ. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಆ್ಯಕ್ಷನ್=ಡೌನ್‌ಲೋಡ್’ ಸೇರಿಸಿ. ಅಂಥದ್ದೇ ಇನ್ನೊಂದು ಕಮಾಂಡ್ ಕರ್ಲ್ ಆದರೆ ಹೈಫನ್ ದೊಡ್ಡಕ್ಷರದ ಎಲ್ ಕೂಡ ಬೇಕು, ಇಲ್ಲದಿದ್ದರೆ ಅದು ರೀಡೈರೆಕ್ಟ್ ಹಿಂಬಾಲಿಸುವುದಿಲ್ಲ. ವಿಳಾಸಕ್ಕೆ ಕೋಟ್ ಹಾಕುವುದನ್ನು ಮರೆಯಬೇಡಿ. ಒಳಗೆ ಆ್ಯಂಪರ್ಸ್ಯಾಂಡ್ ಇದ್ದರೆ ಶೆಲ್ (ಕಮಾಂಡ್ ಓದಿ ನಡೆಸುವ ತಂತ್ರಾಂಶ) ವಿಳಾಸವನ್ನು ಅಲ್ಲಿಗೇ ಕತ್ತರಿಸಿ, ಕಮಾಂಡನ್ನು ಹಿನ್ನೆಲೆಗೆ ತಳ್ಳುತ್ತದೆ. ಸ್ಕ್ರಿಪ್ಟ್‌ಗೆ ಈ ಲಿಂಕೇ ನಮ್ಮ ಆಯ್ಕೆ.

ಮನುಷ್ಯರು ಕ್ಲಿಕ್ ಮಾಡುವ ಕಡೆ ಟಾಮ್‌ಕ್ಯಾಟ್‌ನ ಡೌನ್‌ಲೋಡ್ ಪುಟವನ್ನೇ ಕೊಡಿ. 10ರ ಸರಣಿಗೆ ಒಂದು ಪುಟ, 9ಕ್ಕೆ ಇನ್ನೊಂದು. ಒಳಗಿನ ಆವೃತ್ತಿ ಬದಲಾದರೂ ಪುಟದ ವಿಳಾಸ ಬದಲಾಗದು. ಒಂದು ಕ್ಲಿಕ್ ಹೆಚ್ಚು, ಅಷ್ಟೇ.

ಚೆಕ್‌ಸಮ್ (ಫೈಲ್ ಬದಲಾಗಿಲ್ಲವೆಂದು ತಾಳೆ ನೋಡುವ ಸಂಕೇತ) ಲಿಂಕ್ ಮಾತ್ರ ಯಾವತ್ತೂ ಅಪಾಚೆಯ ಸ್ವಂತ ಡೌನ್‌ಲೋಡ್ಸ್ ಸರ್ವರ್‌ಗೇ ಇರಲಿ. ಫೈಲ್ ತಿದ್ದಿದ ಮಿರರ್‌ಗೆ ಚೆಕ್‌ಸಮ್ ತಿದ್ದುವುದೇನು ಕಷ್ಟ? ವಿಂಡೋಸ್‌ನಲ್ಲಿ ಇನ್ನೊಂದು ಗೊಂದಲವಿದೆ: ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ತಾನಾಗಿ ಎಸ್‌ಎಚ್‌ಎ-256 ಬಗೆಯ ಚೆಕ್‌ಸಮ್ ಕೊಡುತ್ತದೆ, ಅಪಾಚೆ ಕೊಡುವುದು ಎಸ್‌ಎಚ್‌ಎ-512 ಬಗೆಯದು. ಎರಡೂ ತಾಳೆಯಾಗದೆ, ಸರಿಯಿರುವ ಫೈಲನ್ನೇ ಮತ್ತೆ ಇಳಿಸುತ್ತಾ ಕೂರುವವರಿದ್ದಾರೆ. ಆಲ್ಗಾರಿದಮ್ ಎಸ್‌ಎಚ್‌ಎ-512 ಎಂದು ಕಮಾಂಡ್‌ನಲ್ಲೇ ಬರೆದುಕೊಡಿ.