ಒಂದು ಕಾದಂಬರಿ ತರಲು ಹೋದರೆ ಹೀಗಾಗುತ್ತೆ

ಚಿತ್ರದುರ್ಗದ ಗಾಂಧಿ ವೃತ್ತದಿಂದ ಸಂತೆಪೇಟೆ ಕಡೆ ನಡೆದರೆ ಒಳಗಿನ ಓಣಿಯಲ್ಲಿ ಒಂದು ಪುಸ್ತಕದಂಗಡಿ ಇದೆ. ಬೋರ್ಡೇನೋ ಇದೆ, ಆದರೆ ಪಕ್ಕದ ಪಾತ್ರೆ ಅಂಗಡಿಯ ತಾಡಪಾಲು ಅದರ ಅರ್ಧ ಮುಚ್ಚಿದೆ. ಹೆಸರು ಹೇಳಿ ಕೇಳಿದರೆ ಓಣಿಯವರಿಗೂ ಗೊತ್ತಾಗುವುದಿಲ್ಲ. ಸುಮ್ನೆ ಪುಸ್ತಕದಂಗಡಿ ಅಂದರೆ ಕೈ ತೋರಿಸುತ್ತಾರೆ. ಐತಿಹಾಸಿಕ ಕಾದಂಬರಿಯ ಹುಚ್ಚು ಇರುವವರು ಒಮ್ಮೆ ಹೋಗಿ ಬನ್ನಿ. ಜೇಬು ನೋಡಿಕೊಂಡು ಹೋಗಿ.

ನನ್ನದು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್. ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿ ಕಡಿಮೆ, ಆಗ ಓದುವುದು ನನ್ನ ರೂಢಿ. ನಡುವೆ ಯಾರೋ ಬಂದು ಗ್ಯಾಸಿನ ಮಾತ್ರೆ ಕೇಳಿದರೂ ಕತೆ ಕೈ ತಪ್ಪಬಾರದು. ಅದಕ್ಕೆ ಇಂಥ ಕಾದಂಬರಿಗಳೇ ಸರಿ. ಕೋಟೆ ಬೀಳುತ್ತೆ ಅನ್ನುವುದು ಮೊದಲೇ ಗೊತ್ತಿರುತ್ತೆ. ಹೇಗೆ ಬಿತ್ತು, ಬಾಗಿಲು ತೆಗೆದವರು ಯಾರು ಅನ್ನುವುದಷ್ಟೇ ಕುತೂಹಲ.

ಬೇಕಾಗಿದ್ದದ್ದು ತರಾಸು ಅವರ 'ದುರ್ಗಾಸ್ತಮಾನ' ಒಂದೇ. ಮನೆಯಲ್ಲಿದ್ದ ಪ್ರತಿಯನ್ನು ಭಾವಮೈದುನ ಓದಲು ಒಯ್ದ, ಅವನಿಂದ ಅವನ ಸ್ನೇಹಿತ ಒಯ್ದ, ಅದು ಅಲ್ಲಿಗೆ ಮುಗಿಯಿತು. ಚಿತ್ರದುರ್ಗದ ಕೊನೆಯ ಅರಸ ಮದಕರಿನಾಯಕನ ಕೊನೆಯ ದಿನಗಳ ಕತೆ. ತರಾಸು ತೀರಿಕೊಂಡ ಮರುವರ್ಷ, 1985ರಲ್ಲಿ, ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದುರ್ಗದಲ್ಲಿ ರಂಗಮಂದಿರಕ್ಕೂ ಅವರ ಹೆಸರೇ. ಈ ಊರಿನಲ್ಲಿ ಈ ಪುಸ್ತಕ ಸಿಗದೇ ಇರುತ್ತಾ?

ಸಿಕ್ಕಿತು. ತೊಂದರೆ ಏನಪ್ಪಾ ಅಂದರೆ, ಅದನ್ನು ಇಟ್ಟಿದ್ದ ಜಾಗ.

ನಾನೂ ಅಂಗಡಿ ನಡೆಸುವವನೇ. ಗಿರಾಕಿಯ ಕಣ್ಣು ಎಲ್ಲಿ ನಿಲ್ಲುತ್ತೆ ಅಂತ ನೋಡಿ ಮಾಲು ಜೋಡಿಸುವುದು ನಮಗೂ ಗೊತ್ತು. ಆದರೆ ಈ ಯಜಮಾನರ ಲೆಕ್ಕಾಚಾರವೇ ಬೇರೆ. ಎಲ್ಲ ಅಂಗಡಿಗಳಲ್ಲೂ ಪುಸ್ತಕ ಲೇಖಕರ ಹೆಸರಿನ ಪ್ರಕಾರ ಇರುತ್ತೆ, ಇಲ್ಲವೇ ಪ್ರಕಾಶನದ ಪ್ರಕಾರ. ಇಲ್ಲಿ ಮನೆತನದ ಪ್ರಕಾರ ಇದೆ. ಹಳೇ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ, ನೀಲಿ ಇಂಕಿನಲ್ಲಿ ದುಂಡಗೆ ಬರೆದು ಅಂಟಿಸಿದ್ದಾರೆ: ದುರ್ಗ, ಕೆಳದಿ, ಕೊಡಗು, ಹೊಯ್ಸಳ, ವಿಜಯನಗರ. ದುರ್ಗದ ಸಾಲಿನಲ್ಲಿ ತರಾಸು ಪಕ್ಕದಲ್ಲೇ ಇದೇ ಊರಿನ ಬಿ.ಎಲ್. ವೇಣು. ತರಾಸು ಅವರ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ದಾರ ಕಟ್ಟಿ ಇಟ್ಟು, ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ 1, 2, 3 ಅಂತ ಬರೆದಿದ್ದಾರೆ. ನಾನು ಹಿಂದೆ ಲೈಬ್ರರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಓದಿದವನು. ಸಾಲಾಗಿ ಮೊದಲಿಂದ ಓದಿದರೆ ದಳವಾಯಿ ಮುದ್ದಣ್ಣನ ಆಟ ಹೇಗೆ ಬಿಗಿಯಾಗುತ್ತಾ ಹೋಗುತ್ತೆ ನೋಡಬೇಕು ಅನ್ನಿಸಿತು. ತಗೊಂಡೆ.

ನಿಜವಾದ ಖರ್ಚು ಶುರುವಾಗಿದ್ದು ಪಕ್ಕದ ಸಾಲಿನಿಂದ. ಯಜಮಾನರು ನನ್ನ ಕೈಯಲ್ಲಿ 'ದುರ್ಗಾಸ್ತಮಾನ' ನೋಡಿ, "ಸರ್, ಹೈದರಾಲಿ ಇಲ್ಲಿಗೆ ಬರೋದಕ್ಕೆ ಮುಂಚೆ ಎಲ್ಲಿಗೆ ಹೋಗಿದ್ದ ಹೇಳಿ?" ಅಂದರು. ಬಿದನೂರಿಗೆ, ಅಂದೆ. ಅಷ್ಟಕ್ಕೇ ಮಾಸ್ತಿಯವರ 'ಚೆನ್ನಬಸವನಾಯಕ' ಕೈಗೆ ಬಂತು. ಕೆಳದಿ ಅರಸರ ರಾಜಧಾನಿ ಬಿದನೂರು 1763ರಲ್ಲಿ ಹೋಯಿತು. ಆ ದಂಡಯಾತ್ರೆಯಲ್ಲಿ ದುರ್ಗದವರು ಹೈದರನ ಜೊತೆಗೇ ಇದ್ದರು. ಅದೇ ಹೈದರ 1779ರಲ್ಲಿ ದುರ್ಗವನ್ನೂ ತಗೊಂಡ, ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ನಡುವೆ ಹದಿನಾರೇ ವರ್ಷ. ಎರಡೂ ಪುಸ್ತಕ ಒಟ್ಟಿಗೆ ಇಟ್ಟುಕೊಂಡು ಓದಿದರೆ, ಅಲ್ಲಿ ನೆರೆಮನೆಗೆ ಬೆಂಕಿ ಹಚ್ಚಿದವನ ಜೊತೆ ನಿಂತವರು ಇಲ್ಲಿ ತಮ್ಮ ಮನೆಗೆ ನೀರು ಹುಡುಕುತ್ತಾರೆ. ಒಂದೇ ಪುಸ್ತಕ ಕೊಂಡಿದ್ದರೆ ಇದು ಕಾಣುತ್ತಿರಲಿಲ್ಲ.

ಮಾಸ್ತಿಯವರದು ತಂದ ಮೇಲೆ ಅವರ 'ಚಿಕವೀರ ರಾಜೇಂದ್ರ' ಬಿಡುವುದು ಹೇಗೆ? ಜ್ಞಾನಪೀಠ ಸಿಕ್ಕಿದ ಕಾದಂಬರಿ. ಕೊಡಗಿನ ಕೊನೆಯ ಅರಸ, 1834ರಲ್ಲಿ ಇಂಗ್ಲಿಷರು ಇಳಿಸಿದರು. ಸರಿ, ಕೊಡಗು ಹೋದ ಮೇಲೆ ಜನ ಸುಮ್ಮನಿದ್ದರಾ? ಇಲ್ಲ, 1837ರಲ್ಲಿ ಸುಳ್ಯದ ಕಡೆಯಿಂದ ದಂಗೆ ಎದ್ದು ಮಂಗಳೂರಿನವರೆಗೆ ಹೋಯಿತು. ಅದರ ಕತೆ ನಿರಂಜನರ 'ಕಲ್ಯಾಣಸ್ವಾಮಿ'. ಅದೂ ಅದೇ ಸಾಲಿನಲ್ಲಿ, ಒಂದು ಗೇಣು ದೂರದಲ್ಲಿ. ಅಲ್ಲಿಗೆ ಒಬ್ಬರ ಕೊನೆಯ ಪುಟ ಇನ್ನೊಬ್ಬರ ಮೊದಲ ಪುಟ ಆಯಿತು. ಯಾವುದನ್ನು ವಾಪಸ್ ಇಟ್ಟರೂ ನಡುವೆ ಹಲ್ಲು ಕಿತ್ತ ಹಾಗೆ. ಯಜಮಾನರು ಒತ್ತಾಯ ಮಾಡಿದರು ಅಂತ ಹೇಳಲಾರೆ. "ಕೂತ್ಕೊಂಡು ನೋಡಿ, ಬೇಡ ಅಂದ್ರೆ ಅಲ್ಲೇ ಇಡಿ" ಅಂತ ಸ್ಟೂಲು ಕೊಟ್ಟರು, ಅಷ್ಟೇ. ಒತ್ತಾಯ ಮಾಡಿದ್ದರೆ ಎದ್ದು ಬರುತ್ತಿದ್ದೆ.

'ಚೆನ್ನಬಸವನಾಯಕ' ಹೊಸ ಪ್ರತಿ ಇರಲಿಲ್ಲ, ಹಳೆಯದು ಕೊಟ್ಟರು. ಅರ್ಧ ಬೆಲೆ. ಅದರ ಕೊನೆಯ ಖಾಲಿ ಹಾಳೆಯಲ್ಲಿ ಹಿಂದಿನ ಓದುಗರು ಯಾರೋ ವಂಶವೃಕ್ಷ ಬರೆದಿದ್ದಾರೆ. ಮೇಲೆ ಬಸಪ್ಪನಾಯಕ, ಪಕ್ಕದಲ್ಲಿ ರಾಣಿ ವೀರಮ್ಮಾಜಿ, ಕೆಳಗೆ ಗೆರೆ ಎಳೆದು ಚೆನ್ನಬಸವ. ದತ್ತು ಅಂತ ಸಣ್ಣಕ್ಷರದಲ್ಲಿ. ವೀರಮ್ಮಾಜಿ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ, ಅದನ್ನು ಒಮ್ಮೆ ಅಳಿಸಿ ಮತ್ತೆ ಜೋರಾಗಿ ಒತ್ತಿ ಬರೆದಿದ್ದಾರೆ. ಪೆನ್ಸಿಲಿನ ಅಚ್ಚು ಹಾಳೆಯ ಹಿಂಬದಿಗೂ ಮೂಡಿದೆ. ಯಾರೋ ಮಹರಾಯರು ಈ ಹೆಣ್ಣಿನ ಬಗ್ಗೆ ತೀರ್ಮಾನಕ್ಕೆ ಬರಲಾಗದೆ ಒದ್ದಾಡಿದ್ದಾರೆ. ಹೊಸ ಪ್ರತಿ ಸಿಕ್ಕರೂ ಈಗ ನಾನು ಬದಲಾಯಿಸುವುದಿಲ್ಲ.

ಹೊಯ್ಸಳ ಸಾಲಿನಲ್ಲಿ ಮಾತ್ರ ಸ್ವಲ್ಪ ಜಗ್ಗಾಟ ಆಯಿತು. ಶಾಂತಲೆಯ ಮೇಲೆ ಎರಡು ಇವೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ', ಮತ್ತೆ ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ', ಅದು ನಾಲ್ಕು ಭಾಗ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಪೈಲ್ವಾನರು, ಕಾದಂಬರಿ ಮಾತ್ರ ಬಹಳ ಮೆತ್ತಗೆ ಬರೆಯುತ್ತಾರೆ. ನನಗೆ ಸ್ವಲ್ಪ ಜಾಸ್ತಿಯೇ ಮೆತ್ತಗೆ. ಅದು ಮನೆಯಲ್ಲಿ ಮೊದಲೇ ಇತ್ತು. ಹಾಗಾಗಿ ನಾಲ್ಕು ಭಾಗದ್ದೇ ತಂದೆ. ಯಾವಾಗ ಓದುತ್ತೀಯ ಅಂತ ಕೇಳಬೇಡಿ. ನನ್ನಂಗಡಿಯ ಮಾಲಿಗೆ ಎಕ್ಸ್‌ಪೈರಿ ಇದೆ, ಇದಕ್ಕಿಲ್ಲ. ಕಪಾಟಿನಲ್ಲಿ ಓದದ ನಾಲ್ಕು ಭಾಗ ಇದೆ ಅನ್ನುವುದೇ ಒಂದು ಧೈರ್ಯ. ಮಳೆಗಾಲದಲ್ಲಿ ಕರೆಂಟು ಹೋದಾಗ, ಮಂಡಿನೋವಿಗೆ ಮನೆಯಲ್ಲೇ ಕೂತಾಗ, ಇದೆಯಲ್ಲ ಅನ್ನಿಸುತ್ತೆ.

ಇನ್ನೊಂದು ಸುಖ ಈ ಊರಿನದ್ದೇ. ಅಂಗಡಿಯಲ್ಲಿ ಕೂತು ಓದುವಾಗ ಕೋಟೆ ಗುಡ್ಡದ ದೇವತೆ ಏಕನಾಥಮ್ಮನ ಹೆಸರು ಬಂದರೆ, ಓಣಿಯ ತುದಿಗೆ ಬಂದು ತಲೆ ಎತ್ತಿದರೆ ಗುಡ್ಡ ಅಲ್ಲೇ ಇದೆ. ಮಾತಿನ ನಡುವೆ ಯಜಮಾನರು ಮಾಯಕೊಂಡದ ವಿಷಯ ತೆಗೆದರು. 'ದುರ್ಗಾಸ್ತಮಾನ'ದ ಮದಕರಿಗಿಂತ ಹಿಂದಿನ ಅರಸ ಹಿರೇಮದಕರಿನಾಯಕ ಮಡಿದದ್ದು ಮಾಯಕೊಂಡದ ಯುದ್ಧದಲ್ಲಿ. ನನಗೆ ಮಾಯಕೊಂಡ ಅಂದರೆ ಸೋದರಮಾವನ ಊರು, ಚಿಕ್ಕಜಾಜೂರಿಗೆ ಹೋಗುವ ರೈಲು ನಿಲ್ಲುವ ಸ್ಟೇಷನ್ನು. ಅಲ್ಲಿ ಆನೆ ಮೇಲೆ ಕೂತ ನಾಯಕ ಬಿದ್ದ ಅಂತ ಮಾವ ಒಂದು ದಿನವೂ ಹೇಳಿರಲಿಲ್ಲ.

ಈಗ ಗೊಣಗಾಟ. ಬೆಳಕು ಸಾಲದು. ಕೆಳಗಿನ ಎರಡು ಸಾಲು ನೋಡಲು ಮೊಬೈಲ್ ಟಾರ್ಚು ಹಾಕಬೇಕು. ವಿಜಯನಗರದ ಸಾಲಿನ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು ಪೇರಿಸಿದ್ದಾರೆ. ಅವೇ ಹೊಟ್ಟೆಗೆ ಹಾಕುವುದು, ಒಪ್ಪುತ್ತೇನೆ. ಆದರೂ ಅವನ್ನು ಎತ್ತಿಡದೆ ಒಂದೂ ಪುಸ್ತಕ ಈಚೆ ಬರುವುದಿಲ್ಲ. ನನಗೆ ಕೊಟ್ಟ ಒಂದು ಮರುಮುದ್ರಣದಲ್ಲಿ ಹದಿನಾರು ಪುಟ ತಲೆಕೆಳಗಾಗಿ ಹೊಲಿದಿತ್ತು. ಮನೆಗೆ ಬಂದು ಫೋನ್ ಮಾಡಿದರೆ ತಕರಾರಿಲ್ಲದೆ ಬದಲಾಯಿಸುತ್ತೇವೆ ಅಂದರು. ಆದರೆ ಅದಕ್ಕೆ ದಾವಣಗೆರೆಯಿಂದ ಮತ್ತೆ ಹೋಗಬೇಕಲ್ಲ! ಕೊರಿಯರ್ ಮಾಡುವುದಿಲ್ಲವಂತೆ. ಪುಸ್ತಕ ಕಟ್ಟಿಕೊಟ್ಟಿದ್ದು ತೆಳು ಕವರಿನಲ್ಲಿ, ಭರಮಸಾಗರ ದಾಟುವಷ್ಟರಲ್ಲಿ ಹಿಡಿಕೆ ಕಿತ್ತು ಬಂತು. ಕೊನೆಗೆ ಬಸ್ಸಿನಲ್ಲಿ ತೊಡೆ ಮೇಲೆ ಪೇರಿಸಿಕೊಂಡು ಬಂದೆ.

ಹೊಸ ಪುಸ್ತಕಕ್ಕೆ 10 ಪರ್ಸೆಂಟ್ ಬಿಡುತ್ತಾರೆ, ಕೇಳದೇ ಇದ್ದರೂ. ಹಳೆಯದಕ್ಕೆ ಚೌಕಾಶಿ ಇಲ್ಲ. ಬಿಲ್ಲು ನೋಡಿ ಮನೆಯವಳು, "ಏನ್ರೀ, ಒಂದು ಪುಸ್ತಕ ಅಂದಿದ್ರಲ್ಲ?" ಅಂದಳು. ಎರಡು ದಿನ ಬಿಟ್ಟು ನೋಡಿದರೆ 'ಚಿಕವೀರ ರಾಜೇಂದ್ರ' ಅವಳ ತಲೆದಿಂಬಿನ ಪಕ್ಕ ಇತ್ತು. ನಾನು ಇನ್ನೂ ಅದನ್ನು ಮುಟ್ಟಿಲ್ಲ, ಅವಳು ಮುಗಿಸುವವರೆಗೆ ಮುಟ್ಟುವ ಹಾಗೂ ಇಲ್ಲ.

ಹೋಗುವವರು ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಹೋಗಬೇಡಿ, ಊಟಕ್ಕೆ ಮುಚ್ಚಿರುತ್ತೆ. ಗಟ್ಟಿ ಬಟ್ಟೆ ಚೀಲ ಒಯ್ಯಿರಿ. ವಸುಧೇಂದ್ರರ 'ತೇಜೋ ತುಂಗಭದ್ರಾ' ಕೇಳಿದ್ದೆ, ಖಾಲಿಯಾಗಿತ್ತು. ತರಿಸಲು ಹದಿನೈದು ದಿನ ಬೇಕು ಅಂದಿದ್ದಾರೆ. ಅದಕ್ಕೆ ಅಂತಲೇ ಹೋಗುವವರು ಮೊದಲು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.