ರಿಫರ್ಬಿಶ್ ಮಾಡಿದ ಎಚ್‌ಪಿ ಝಡ್4 ಜಿ4: ಟ್ರೇಡಿಂಗ್ ಮೇಜಿನ ಮೇಲೆ ಎಂಟು ತಿಂಗಳು

ಟ್ರೇಡಿಂಗ್ ಕಂಪ್ಯೂಟರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಹೊಸ ಯಂತ್ರಗಳ ವಿವರಪಟ್ಟಿಗಳನ್ನು ಒಂದು ವಾರ ಕೂತು ಓದಿದ ಮೇಲೆ, ಅವುಗಳಲ್ಲಿ ಟ್ರೇಡಿಂಗ್‌ಗೆಂದೇ ಮಾಡಿದ ಭಾಗ ಯಾವುದೂ ಇಲ್ಲವೆಂಬುದು ನನಗೆ ಖಚಿತವಾಯಿತು. ನಾಲ್ಕು ಮಾನಿಟರ್‌ಗಳನ್ನು ಜೋಡಿಸಲು ಬರುವ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಸಾಮಾನ್ಯ ಸರಕೇ, ಮತ್ತು ಆ ಕಾರ್ಡನ್ನು ಹಳೆಯ ವರ್ಕ್‌ಸ್ಟೇಷನ್‌ಗೂ (ಭಾರೀ ಕೆಲಸಕ್ಕೆಂದು ಮಾಡಿದ ಕಚೇರಿ ಕಂಪ್ಯೂಟರ್) ಹಾಕಿಕೊಳ್ಳಬಹುದು. ಆದ್ದರಿಂದ ಯಾವುದೋ ಕಚೇರಿಯಲ್ಲಿ ಗುತ್ತಿಗೆಯ ಅವಧಿ ಮುಗಿಸಿ ಹೊರಬಿದ್ದು, ಹಳೆಯದನ್ನು ಸರಿಪಡಿಸಿ ಮತ್ತೆ ಮಾರುವ, ಅಂದರೆ ರಿಫರ್ಬಿಶ್ ಮಾಡುವವರ ಕೈ ಸೇರಿದ್ದ ಎಚ್‌ಪಿ ಝಡ್4 ಜಿ4 ಒಂದನ್ನು ಕೊಂಡೆ. ಎಂಟು ತಿಂಗಳಿಂದ ಮಾರುಕಟ್ಟೆ ತೆರೆದಿರುವ ಪ್ರತಿ ದಿನವೂ ಅದು ಚಾಲೂ ಇದೆ.

ಈ ಮಾದರಿ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ನನ್ನದರಲ್ಲಿರುವುದು ಇಂಟೆಲ್ ಝಿಯಾನ್ ಡಬ್ಲ್ಯು-2135 ಪ್ರೊಸೆಸರ್, 32 ಜಿಬಿ ಇಸಿಸಿ (ತಪ್ಪು ತಿದ್ದಿಕೊಳ್ಳುವ) ಮೆಮೊರಿ, ದತ್ತಾಂಶ ಉಳಿಸಲು ವೇಗದ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಮತ್ತು ಎನ್ವಿಡಿಯಾ ಕ್ವಾಡ್ರೊ ಪಿ620 ಕಾರ್ಡ್.

ಪ್ರೊಸೆಸರ್‌ನ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವುವುದರಲ್ಲಿದ್ದೆ. ಮಾರಾಟಗಾರರು ಮೊದಲು ತೋರಿಸಿದ್ದು ಎರಡು ಝಿಯಾನ್ ಇ5-2690 ವಿ4 ಚಿಪ್‌ಗಳಿದ್ದ ಯಂತ್ರವನ್ನು. ಒಂದೊಂದರಲ್ಲಿ 14ರಂತೆ ಒಟ್ಟು 28 ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಎಂದು ಕೇಳಿದರೆ ಯಾರಿಗಾದರೂ ಆಸೆಯಾಗದೆ ಇರದು. ಆದರೆ ಆ ಚಿಪ್‌ನ ಮೂಲ ವೇಗ 2.6 ಗಿಗಾಹರ್ಟ್ಸ್, ಅಗತ್ಯ ಬಿದ್ದಾಗ ಏರುವ ಗರಿಷ್ಠ ವೇಗ, ಅಂದರೆ ಟರ್ಬೊ, 3.5. ಚಾರ್ಟ್ ತಂತ್ರಾಂಶಗಳು ಕೆಲಸವನ್ನು ಅಷ್ಟೊಂದು ಕೋರ್‌ಗಳಿಗೆ ಹಂಚುವುದಿಲ್ಲ. ಉದಾಹರಣೆಗೆ ಮೆಟಾಟ್ರೇಡರ್ 5 ಎಂಬ ಟ್ರೇಡಿಂಗ್ ತಂತ್ರಾಂಶದಲ್ಲಿ ಒಂದು ಸಿಂಬಲ್‌ನ (ವಹಿವಾಟಿನ ಒಂದು ಸರಕಿನ) ಚಾರ್ಟ್ ಮೇಲೆ ಬರುವ ಎಲ್ಲ ಇಂಡಿಕೇಟರ್‌ಗಳೂ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಹೊತ್ತಿಗೆ ಒಂದೇ ಕೋರ್ ಮೇಲೆ ಓಡುವ ಕೆಲಸದ ಸಾಲಿನಲ್ಲಿ, ಲೆಕ್ಕವಾಗುತ್ತವೆ. ಸುದ್ದಿಯೊಂದು ಸಿಡಿದು ಟಿಕ್‌ಗಳು (ಬೆಲೆಯ ಒಂದೊಂದು ಬದಲಾವಣೆ) ಒಮ್ಮೆಲೇ ನುಗ್ಗಿ ಬಂದಾಗ ಆ ಒಂದು ಥ್ರೆಡ್ ಎಷ್ಟು ಬೇಗ ಓಡುತ್ತದೆ ಎಂಬುದರ ಮೇಲೆ ಚಾರ್ಟ್ ತಡವರಿಸುವುದೋ ಇಲ್ಲವೋ ನಿಂತಿದೆಯೇ ಹೊರತು, ಪಕ್ಕದಲ್ಲಿ ಸುಮ್ಮನೆ ಕೂತಿರುವ ಇಪ್ಪತ್ತು ಕೋರ್‌ಗಳ ಮೇಲಲ್ಲ. ಡಬ್ಲ್ಯು-2135ರಲ್ಲಿರುವುದು ಆರೇ ಕೋರ್‌ಗಳಾದರೂ ಅದರ ಮೂಲ ವೇಗ 3.7, ಟರ್ಬೊ 4.5 ಗಿಗಾಹರ್ಟ್ಸ್. ಹದಿನೈದು ಚಾರ್ಟ್‌ಗಳು, ಆರ್ಡರ್ ವಿಂಡೊ ಮತ್ತು ಬ್ರೌಸರ್‌ನ ಮೂವತ್ತು ಟ್ಯಾಬ್‌ಗಳು ಒಟ್ಟಿಗೆ ತೆರೆದಿದ್ದಾಗಲೂ ಅದು ಏದುಸಿರು ಬಿಟ್ಟದ್ದನ್ನು ನಾನು ಕಂಡಿಲ್ಲ.

ಝಿಯಾನ್ ಡಬ್ಲ್ಯು ಸರಣಿಯನ್ನೇ ಹುಡುಕಲು ಇನ್ನೊಂದು ಕಾರಣವೂ ಇತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು, ಮತ್ತು ಇ5 ವಿ3, ವಿ4 ಚಿಪ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಆ ಚಿಪ್‌ಗಳಿರುವ, ಎಚ್‌ಪಿಯ 2014ರ ಝಡ್440, ಝಡ್640ಗಳಂಥ ಗಟ್ಟಿಮುಟ್ಟಾದ ಯಂತ್ರಗಳು ಈಗ ರಾಶಿರಾಶಿಯಾಗಿ, ಅಗ್ಗವಾಗಿ ಸಿಗುತ್ತಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಅಡ್ಡದಾರಿಯಿಂದ ಅವುಗಳಲ್ಲಿ ವಿಂಡೋಸ್ 11 ಅನ್ನು ಕೂರಿಸುವವರಿದ್ದಾರೆ; ಆದರೆ ಹಣದ ವ್ಯವಹಾರ ನಡೆಯುವ ಯಂತ್ರದಲ್ಲಿ ಅಂಥ ಸರ್ಕಸ್ ನನಗೆ ಬೇಡವೆನಿಸಿತು. ಡಬ್ಲ್ಯು ಸರಣಿ ಆ ಪಟ್ಟಿಯಲ್ಲಿದೆ, ಅಪ್‌ಡೇಟ್‌ಗಳು ತಕರಾರಿಲ್ಲದೆ ಬರುತ್ತಿವೆ.

ಡಬ್ಲ್ಯು-2135 ಚಿಪ್‌ನೊಳಗೆ ಗ್ರಾಫಿಕ್ಸ್ ಇಲ್ಲವಾದ್ದರಿಂದ ಕಾರ್ಡ್ ಇಲ್ಲದೆ ಈ ಯಂತ್ರದಿಂದ ಚಿತ್ರವೇ ಬಾರದು. ಪಿ620 ಚಿಕ್ಕ ಕಾರ್ಡ್. 2 ಜಿಬಿ ಮೆಮೊರಿ, 40 ವಾಟ್ ಒಳಗಿನ ಬಳಕೆ, ಪವರ್ ಸಪ್ಲೈಯಿಂದ ಬೇರೆ ತಂತಿಯೂ ಬೇಡ. ಆಟಕ್ಕೆ ಅದು ಸಾಲದು, ಆದರೆ ಅದರ ಬೆನ್ನಿಗಿರುವ ನಾಲ್ಕು ಮಿನಿ ಡಿಸ್‌ಪ್ಲೇಪೋರ್ಟ್‌ಗಳು ನಾಲ್ಕು 4ಕೆ ಪರದೆಗಳನ್ನು 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತ) ನಡೆಸಬಲ್ಲವು. ಟ್ರೇಡರ್‌ಗೆ ಬೇಕಾದದ್ದು ಅಷ್ಟೇ. ಒಂದು ಕಿವಿಮಾತು ಮಾತ್ರ ಹೇಳಲೇಬೇಕು: ಮಾನಿಟರ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದೆಯೆಂದು ಕೈಗೆ ಸಿಕ್ಕ ಅಡಾಪ್ಟರ್ ಹಾಕಿದರೆ 4ಕೆ ಪರದೆ 30 ಹರ್ಟ್ಸ್‌ಗೆ ಇಳಿದುಬಿಡಬಹುದು. ಮೊದಲ ವಾರ ಮೌಸ್ ಯಾಕೆ ಜೇನಿನಲ್ಲಿ ಅದ್ದಿದಂತೆ ಓಡುತ್ತಿದೆ ಎಂದು ನಾನು ಪ್ರೊಸೆಸರನ್ನು ಶಂಕಿಸಿದ್ದೆ, ತಪ್ಪು ಅಡಾಪ್ಟರಿನದಾಗಿತ್ತು.

ಮಾರಾಟಗಾರರ ಸೇವೆಯ ಬಗ್ಗೆ ಹೇಳುವುದಾದರೆ, ಹೊರಗಿನ ಶುಚಿತ್ವಕ್ಕೆ ಕೊಟ್ಟ ಗಮನದ ಅರ್ಧದಷ್ಟನ್ನಾದರೂ ಒಳಗೆ ಕೊಡಬಹುದಿತ್ತು. ಕವಚ ಹೊಸದರಂತೆ ಹೊಳೆಯುತ್ತಿತ್ತು. ಆದರೆ ಪ್ಲಗ್ ಕಿತ್ತು ಜಾಗ ಬದಲಿಸಿದ ದಿನ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಬ್ರೋಕರ್‌ನ ಪುಟ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂತು. ತಾರೀಕು ತಪ್ಪಿದ್ದರಿಂದ ಬ್ರೌಸರ್ ಆ ಪುಟದ ಸುರಕ್ಷತಾ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಮದರ್‌ಬೋರ್ಡ್‌ನ ಗಡಿಯಾರವನ್ನು ನಡೆಸುವ ಸಿಆರ್2032 ಬಟನ್ ಸೆಲ್ ಸತ್ತಿತ್ತು, ಅದನ್ನು ಬದಲಿಸಲು ಹಿಡಿದದ್ದು ಎರಡು ನಿಮಿಷ. ಮಾರುಕಟ್ಟೆ ತೆರೆಯುವ ಹೊತ್ತಿಗೆ ಆ ಎರಡು ನಿಮಿಷವೂ ದುಬಾರಿಯೇ. ಮೆಮೊರಿಯ ವಿಷಯದಲ್ಲೂ ಹೀಗೆಯೇ: ಈ ಪ್ರೊಸೆಸರ್‌ಗೆ ಮೆಮೊರಿಯನ್ನು ಒಟ್ಟಿಗೆ ಓದಲು ನಾಲ್ಕು ಚಾನೆಲ್‌ಗಳಿದ್ದರೂ (ದಾರಿಗಳು) 16 ಜಿಬಿಯ ಎರಡೇ ಕಡ್ಡಿಗಳನ್ನು ಹಾಕಿ ಕೊಟ್ಟಿದ್ದರು. ಕೇಳಿದ ಮೇಲೆ 8 ಜಿಬಿಯ ನಾಲ್ಕಕ್ಕೆ ಬದಲಿಸಿಕೊಟ್ಟರು ಎಂಬುದನ್ನೂ ದಾಖಲಿಸಬೇಕು. ಮುಂದೆ ಮೆಮೊರಿ ಹೆಚ್ಚಿಸುವವರು ರಿಜಿಸ್ಟರ್ಡ್ ಇಸಿಸಿ ಕಡ್ಡಿಗಳನ್ನೇ ಕೊಳ್ಳಬೇಕು. ಸಾಮಾನ್ಯ ಡೆಸ್ಕ್‌ಟಾಪ್ ಕಡ್ಡಿಗಳು ಇವುಗಳೊಂದಿಗೆ ಬೆರೆಯುವುದಿಲ್ಲ. ಹಣ ಕೊಡುವ ಮುನ್ನ ನಾನು ಒತ್ತಾಯಿಸಿ ನೋಡಿದ್ದು ಎರಡನ್ನು: ಬಯೋಸ್‌ಗೆ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಹಳೆಯ ಕಚೇರಿಯ ಪಾಸ್‌ವರ್ಡ್ ಉಳಿದಿದೆಯೇ, ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ. ಎರಡನೆಯದರ ಉತ್ತರ ಹಿತವಾಗಿರಲಿಲ್ಲ, ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡೆ. ಬೋರ್ಡ್ ಮೇಲೆ ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟ್‌ಗಳಿರುವುದರಿಂದ ಟಿಕ್ ದತ್ತಾಂಶಕ್ಕೆ ಇನ್ನೊಂದನ್ನು ಸೇರಿಸಲು ಜಾಗ ಉಳಿದಿದೆ.

ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಪ್ರೊಸೆಸರ್ 140 ವಾಟ್‌ನದಾದರೂ ಚಾರ್ಟ್ ನೋಡುವ ಕೆಲಸದಲ್ಲಿ ಅದು ಆ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಪವರ್ ಸಪ್ಲೈ ಈ ಮಾದರಿಗೆಂದೇ ಮಾಡಿದ್ದು, ಅದು ಕೆಟ್ಟರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಟಿಎಕ್ಸ್ ಅಳತೆಯ ಪವರ್ ಸಪ್ಲೈಯನ್ನು ತಂದು ಕೂರಿಸಲಾಗದು ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಯುಪಿಎಸ್ ಜೋಡಿಸುವವರು ಶುದ್ಧ ಸೈನ್ ವೇವ್ (ಮನೆಯ ವಿದ್ಯುತ್ತಿನಂಥ ನಯವಾದ ಅಲೆ) ಕೊಡುವುದನ್ನೇ ಆರಿಸಿಕೊಂಡರೆ ನೆಮ್ಮದಿ.

ಈ ಯಂತ್ರದಿಂದ ಆರ್ಡರ್ ಬೇಗ ಹೋಗುತ್ತದೆಯೇ ಎಂದು ಕೇಳಿದವರಿದ್ದಾರೆ. ಹೋಗುವುದಿಲ್ಲ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕಿಗೆ ಸಾವಿರ ಕಿಲೋಮೀಟರ್ ದಾಟಲು ಸುಮಾರು 5 ಮಿಲಿಸೆಕೆಂಡ್ ಬೇಕು, ದಾರಿಯ ರೂಟರ್‌ಗಳು ಮತ್ತು ಬ್ರೋಕರ್‌ನ ಸರ್ವರ್ ಅದರ ಮೇಲೆ ತಮ್ಮ ಪಾಲನ್ನು ಸೇರಿಸುತ್ತವೆ; ಮೇಜಿನ ಮೇಲಿನ ಪ್ರೊಸೆಸರ್‌ಗೂ ಆ ಪ್ರಯಾಣಕ್ಕೂ ಸಂಬಂಧವಿಲ್ಲ. ವೈಫೈ ಬಿಟ್ಟು ತಂತಿ ಎಳೆದದ್ದು ನನಗೆ ಹೆಚ್ಚು ಪ್ರಯೋಜನಕ್ಕೆ ಬಂತು.

ವೇಗವೊಂದೇ ಗುರಿಯಾದವರಿಗೆ ಕೋರ್ ಐ5-12400 ಇರುವ ಸಾಧಾರಣ ಕಚೇರಿ ಕಂಪ್ಯೂಟರೇ ಮೇಲು. ಒಂದು ಥ್ರೆಡ್‌ನ ಓಟದಲ್ಲಿ ಅದು ನನ್ನ ಝಿಯಾನನ್ನು ಹಿಂದೆ ಹಾಕುತ್ತದೆ, ವಿದ್ಯುತ್ತನ್ನೂ ಕಡಿಮೆ ಬೇಡುತ್ತದೆ. ನಾನು ಝಡ್4 ಅನ್ನು ಉಳಿಸಿಕೊಂಡಿರುವುದು ಎಂಟು ಮೆಮೊರಿ ಸ್ಲಾಟ್‌ಗಳಿಗೆ, ಕಾರ್ಡ್‌ಗಳಿಗಿರುವ ಧಾರಾಳ ಜಾಗಕ್ಕೆ, ಮತ್ತು ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿಗೆ. ವಾರಾಂತ್ಯದಲ್ಲಿ ಹಳೆಯ ದತ್ತಾಂಶದ ಮೇಲೆ ಒಂದೇ ತಂತ್ರವನ್ನು ಹಲವು ಸೆಟ್ಟಿಂಗ್‌ಗಳಲ್ಲಿ ಪರೀಕ್ಷಿಸುವ ಬ್ಯಾಕ್‌ಟೆಸ್ಟ್‌ಗೆ ಹಚ್ಚಿದಾಗ ಮಾತ್ರ ಮೆಟಾಟ್ರೇಡರ್ 5 ಆರೂ ಕೋರ್‌ಗಳನ್ನು ಪೂರ್ತಿ ದುಡಿಸುತ್ತದೆ. ಅದೇ ಸಾಕೆಟ್‌ಗೆ ಹೊಂದುವ, ಅಷ್ಟೇ ಟರ್ಬೊ ವೇಗದ, ಎಂಟು ಕೋರ್‌ಗಳ ಡಬ್ಲ್ಯು-2145 ಅನ್ನು ಆಗೆಲ್ಲ ನೆನೆಸಿಕೊಳ್ಳುತ್ತೇನೆ. ಸೋಮವಾರ ಮಾರುಕಟ್ಟೆ ತೆರೆದ ಮೇಲೆ ಅದರ ನೆನಪಾಗದ ಕಾರಣ ಇನ್ನೂ ಕೊಂಡಿಲ್ಲ.