ಪ್ರಾಂಗ್‌ಹಾರ್ನ್ ಬೇಟೆ: ಯಾವ ಸಾಮಾನು ಉಳಿಯಿತು, ಯಾವ ಗೈಡ್ ಬೇಕಾಯಿತು

ಅಮೆರಿಕದ ವಯೋಮಿಂಗ್ ರಾಜ್ಯಕ್ಕೆ, ಜಿಂಕೆಯಂತೆ ಕಾಣುವ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿಯ ಬೇಟೆಗೆ ಹೊರಡುವವರೆಲ್ಲ ಮೊದಲು ಕೇಳುವುದು ಬಂದೂಕಿನ ಬಗ್ಗೆ. ಅದನ್ನು ಬೇಗ ಮುಗಿಸಿಬಿಡುತ್ತೇನೆ. ಗುಂಡಿನ ಅಳತೆ .243 ವಿಂಚೆಸ್ಟರ್ ಇರಲಿ, 6.5 ಕ್ರೀಡ್‌ಮೂರ್ ಇರಲಿ, ಬಂದೂಕು ಕೈಗೆ ಒಗ್ಗಿದ್ದರೆ ಸಾಕು. ಗಂಡು ಪ್ರಾಣಿ ಸುಮಾರು 50-60 ಕೆಜಿ ತೂಗುತ್ತದೆ. ಅದಕ್ಕೆ ಎಲ್ಕ್‌ನಂಥ ದೊಡ್ಡ ಜಿಂಕೆ ಹೊಡೆಯುವ ಜೋರಿನ ಮ್ಯಾಗ್ನಮ್ ಗುಂಡು ಯಾಕೆ? ಎಚ್-1ಬಿ ವೀಸಾದವರಿಗೆ ಒಂದು ಮಾತು: ಆ ವೀಸಾದಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ.

ನಾನಿರುವುದು ಡೆನ್ವರ್‌ನಲ್ಲಿ. ವಯೋಮಿಂಗ್‌ನ ಕಾಸ್ಪರ್ ಕಡೆಗೆ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಕೆಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ಫೋಟೊ ನೋಡಿದ ಊರಿನವರು ಇದನ್ನು ರಾಣೆಬೆನ್ನೂರಿನ ಕೃಷ್ಣಮೃಗದ ಅಣ್ಣತಮ್ಮ ಅಂದುಕೊಳ್ಳುತ್ತಾರೆ. ಅಲ್ಲ. ಹೆಸರಿಗೆ ಆಂಟಿಲೋಪ್ ಅಷ್ಟೇ. ಈಗ ಬದುಕಿರುವ ಹತ್ತಿರದ ನೆಂಟರು ಜಿರಾಫೆ ಮತ್ತು ಒಕಾಪಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಬೇಟೆಯ ಮಾತೇ ಇಲ್ಲ, ಹಾಗಾಗಿ ಕೆಲವರು ಫೋಟೊ ನೋಡಿ ಗಾಬರಿಯಾಗುತ್ತಾರೆ. ಇಲ್ಲಿ ಪ್ರತಿ ಪ್ರದೇಶಕ್ಕೂ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತಾರೆ.

ನಾನು ದುಡ್ಡು ಸುರಿದಿದ್ದಕ್ಕೆ ಸಾರ್ಥಕ ಅನಿಸಿದ್ದು ಬೈನಾಕ್ಯುಲರ್. ನನ್ನದು ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ 10x42. ದುಬಾರಿ ಮಾಲೇನಲ್ಲ. ಇದಕ್ಕಿಂತ ನಾಲ್ಕೈದು ಪಟ್ಟು ಬೆಲೆಯದ್ದನ್ನು ಗೆಳೆಯರ ಹತ್ತಿರ ನೋಡಿದ್ದೇನೆ. ಮುಂಜಾನೆ ಮಬ್ಬಿನಲ್ಲಿ ಅದರಲ್ಲಿ ಚೆನ್ನಾಗಿ ಕಾಣುವುದು ನಿಜ. ಆದರೆ ಪ್ರಾಂಗ್‌ಹಾರ್ನ್ ಹಗಲಿನ ಪ್ರಾಣಿ, ಬಯಲಿನ ಪ್ರಾಣಿ. ಮಬ್ಬಿನಲ್ಲಿ ಪೊದೆ ಹುಡುಕುವ ಕೆಲಸವೇ ಇಲ್ಲ. ಬೈನಾಕ್ಯುಲರ್ ಅನ್ನು ಟ್ರೈಪಾಡ್ ಮೇಲೆ ಕೂರಿಸಿದರೆ ಮಾತ್ರ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ. ಗಾಳಿಗೆ ಕೈ ನಿಲ್ಲುವುದಿಲ್ಲ. ಮೈಲಿ ದೂರದಲ್ಲಿ ಸೇಜ್ ಎಂಬ ಕುರುಚಲು ಗಿಡಗಳ ನಡುವೆ ಮಲಗಿದ ಪ್ರಾಣಿಯ ಬಿಳಿ ಹಿಂಭಾಗ ಒಂದು ಚುಕ್ಕಿಯಷ್ಟೇ ಇರುತ್ತದೆ.

ಹತ್ತು ಗಂಟೆ ದಾಟಿದರೆ ಇನ್ನೊಂದು ತಲೆನೋವು. ನೆಲದಿಂದ ಬಿಸಿ ಏಳುತ್ತದೆ, ಲೆನ್ಸ್‌ನಲ್ಲಿ ಪ್ರಾಣಿ ನೀರಿನಡಿ ನಿಂತ ಹಾಗೆ ಕುಣಿಯುತ್ತದೆ. ಆಗ ಅರವತ್ತು ಪಟ್ಟು ದೊಡ್ಡದಾಗಿ ತೋರಿಸುವ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನ ದೂರದರ್ಶಕ) ಇದ್ದರೂ ಪ್ರಯೋಜನವಿಲ್ಲ. ಅದಕ್ಕೇ ನಾನು ಸ್ಪಾಟಿಂಗ್ ಸ್ಕೋಪ್ ತೆಗೆದುಕೊಳ್ಳಲಿಲ್ಲ. ಕೊಂಬಿನ ಉದ್ದ ಅಳೆಯುವುದಕ್ಕೂ ಅದು ಬೇಕಿಲ್ಲ, ಕಿವಿ ನೋಡಿದರೆ ಆಯಿತು. ಕಿವಿ ಸುಮಾರು ಆರು ಇಂಚು. ಕೊಂಬು ಅದರ ಎರಡರಷ್ಟು ದಾಟಿದ್ದು, ಕವಲು ಕಿವಿಯ ತುದಿಗಿಂತ ಮೇಲೆ ಒಡೆದಿದ್ದರೆ ಒಳ್ಳೇ ಗಂಡು.

ಇನ್ನು ಮೊಣಕಾಲು. ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಪ್ರಾಣಿಯ ಕಣ್ಣು ತಲೆಯ ಪಕ್ಕದಲ್ಲಿ ಉಬ್ಬಿಕೊಂಡಿರುತ್ತದೆ, ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ. ಮರ ಇಲ್ಲ, ಬಂಡೆ ಇಲ್ಲ. ಕೊನೆಯ ಇನ್ನೂರು ಮುನ್ನೂರು ಗಜ ತೆವಳಬೇಕು. ನೆಲದ ತುಂಬ ಗಿಡ್ಡ ಪಾಪಸುಕಳ್ಳಿ. ದೊಡ್ಡ ಮುಳ್ಳು ಕಿತ್ತು ಬಿಸಾಡಬಹುದು. ಆದರೆ ಅದರ ಬುಡದಲ್ಲಿ ಕೂದಲಿಗಿಂತ ಸಣ್ಣ ಮುಳ್ಳಿನ ಗೊಂಚಲು ಇರುತ್ತದಲ್ಲ, ಅದು ಪ್ಯಾಂಟಿನ ಬಟ್ಟೆಯೊಳಗೆ ಸೇರಿ ತೊಳೆದರೂ ಹೋಗುವುದಿಲ್ಲ. ಬೇಟೆ ಸಾಮಾನಿನ ಅಂಗಡಿಯ ಮೊಣಕಾಲು ಪ್ಯಾಡ್ ಇರುವ ಪ್ಯಾಂಟ್‌ಗೆ ಇನ್ನೂರು ಡಾಲರ್ ಹತ್ತಿರ ಕೇಳುತ್ತಾರೆ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಟೈಲ್ಸ್ ಕೂರಿಸುವವರು ಕಟ್ಟುವ ಪ್ಯಾಡ್ ಮತ್ತು ತೊಗಲಿನ ಕೈಗವಸು ತಂದೆ. ಇಷ್ಟು ವರ್ಷವಾದರೂ ಅವೇ ಇವೆ. ಜೇಬಿನಲ್ಲಿ ಒಂದು ಚಿಮಟ ಇಟ್ಟುಕೊಳ್ಳಿ.

ದೂರ ಅಳೆಯುವ ರೇಂಜ್‌ಫೈಂಡರ್ ಅಷ್ಟಕ್ಕಷ್ಟೇ. ಪೆಟ್ಟಿಗೆ ಮೇಲೆ 1,000 ಗಜ ಅಂತ ಬರೆದಿರುವುದು ಹೊಳೆಯುವ ಗುರಿಗೆ. ನನ್ನದು ಮಧ್ಯಾಹ್ನದ ಬಿಸಿಲಲ್ಲಿ ಪ್ರಾಣಿಯ ಮೈ ಮೇಲೆ 400 ದಾಟಿದರೆ ಬರೀ ಗೆರೆ ತೋರಿಸುತ್ತದೆ. ಆ ಗಾಳಿಯಲ್ಲಿ 250 ಗಜದಾಚೆಗೆ ಗುಂಡು ಹಾರಿಸಲು ನನಗೆ ಧೈರ್ಯವಿಲ್ಲ, ಹಾಗಾಗಿ ಬದಲಾಯಿಸಿಲ್ಲ. ಬಂದೂಕಿನ ಎರಡು ಕಾಲಿನ ಆಸರೆ, ಅಂದರೆ ಬೈಪಾಡ್ ಮಾತ್ರ ಕುಳಿತು ಹೊಡೆಯುವಷ್ಟು ಉದ್ದ ಕಾಲಿನದ್ದೇ ಇರಲಿ. ಮಲಗಿದರೆ ಕಣ್ಣೆದುರು ಸೇಜ್ ಗಿಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮಾಂಸಕ್ಕೆ ಸೇಜ್ ಸೊಪ್ಪಿನ ವಾಸನೆ ಬರುತ್ತದೆ ಅಂತ ದೂರುವವರು ಬಹಳ. ಸೆಪ್ಟೆಂಬರ್ ಬಿಸಿಲಲ್ಲಿ ಚರ್ಮ ಸುಲಿಯದೆ ಟ್ರಕ್ಕಿನ ಹಿಂದೆ ಹಾಕಿಕೊಂಡು ಊರೆಲ್ಲ ಸುತ್ತಿದರೆ ಬಾರದೆ ಇನ್ನೇನು? ಅಲ್ಲೇ ಸುಲಿದು, ಕಾಟನ್ ಚೀಲಕ್ಕೆ ಹಾಕಿ, ಐಸ್ ಪೆಟ್ಟಿಗೆಗೆ ಸೇರಿಸಬೇಕು. ಗಂಡೋ ಹೆಣ್ಣೋ ಅನ್ನುವ ಗುರುತನ್ನು ಮಾತ್ರ ಮಾಂಸದ ಜೊತೆ ಉಳಿಸಿಕೊಂಡಿರಬೇಕು, ಅದು ಕಾನೂನು. ಹೆಸರಾಂತ ದುಬಾರಿ ಕೂಲರ್ ಬೇಡ. ನೀರಿನ ಬಾಟಲಿಗಳನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿಕೊಂಡು ಹೋದರೆ ಸಾದಾ ಪೆಟ್ಟಿಗೆಯೂ ನಡೆಯುತ್ತದೆ. ಕೊಡಗಿನ ಗೆಳೆಯ ಕಾಚಂಪುಳಿ ಹಾಕಿ ಪಂದಿ ಕರಿ ತರಹ ಮಾಡಿ ನೋಡಿದ. ಕೊಬ್ಬೇ ಇಲ್ಲದ ಮಾಂಸ, ಒಣಗಿಹೋಯಿತು. ತೆಳ್ಳಗೆ ಕೊಯ್ದು ತುಪ್ಪದಲ್ಲಿ ಪೆಪ್ಪರ್ ಫ್ರೈ ಮಾಡಿದ್ದು ಮಾತ್ರ ಮಿಗಲಿಲ್ಲ.

ಈಗ ಗೈಡ್. ವಯೋಮಿಂಗ್‌ನಲ್ಲಿ ಹೊರ ರಾಜ್ಯದ ಬೇಟೆಗಾರರಿಗೆ ಗೈಡ್ ಕಡ್ಡಾಯವಿರುವುದು ಕೇಂದ್ರ ಸರ್ಕಾರ ಕಾಡಾಗಿಯೇ ಉಳಿಸಿದ ಫೆಡರಲ್ ವೈಲ್ಡರ್‌ನೆಸ್ ಪ್ರದೇಶದಲ್ಲಿ ಮಾತ್ರ. ಪ್ರಾಂಗ್‌ಹಾರ್ನ್ ಇರುವುದು ಹೆಚ್ಚಾಗಿ ಬಯಲಲ್ಲಿ. ಹಾಗಾದರೆ ಗೈಡ್‌ಗೆ ಎರಡು ಮೂರು ಸಾವಿರ ಡಾಲರ್ ಕೊಡುವುದು ಯಾಕೆ? ಪ್ರಾಣಿ ಹುಡುಕಿಕೊಡಲಿ ಅಂತ ಅಲ್ಲ, ಪ್ರಾಣಿ ರಸ್ತೆಯಿಂದಲೇ ಕಾಣುತ್ತದೆ. ಕೊಡುವುದು ಖಾಸಗಿ ಜಮೀನಿನ ಗೇಟಿನ ಬೀಗ ತೆಗೆಸಲು. ದಕ್ಷಿಣ ವಯೋಮಿಂಗ್‌ನಲ್ಲಿ ರೈಲು ಕಂಪನಿಗೆ ಹಿಂದೆ ಜಮೀನು ಹಂಚಿದ ಕಾರಣಕ್ಕೆ ಒಂದು ಚೌಕ ಸರ್ಕಾರದ್ದು, ಪಕ್ಕದ ಚೌಕ ಖಾಸಗಿ. ಒಂದು ಸರ್ಕಾರಿ ಚೌಕದ ಮೂಲೆಯಿಂದ ಇನ್ನೊಂದರ ಮೂಲೆಗೆ ದಾಟಬಹುದಾ ಅನ್ನುವ ಜಗಳ ಕೋರ್ಟಿಗೆ ಹೋಗಿ, 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಆದರೂ ಯಾವ ಜಮೀನು ಯಾರದ್ದು ಅಂತ ತೋರಿಸುವ ಆನ್‌ಎಕ್ಸ್ ಆ್ಯಪ್ ಇಲ್ಲದೆ ಕಾರಿನಿಂದ ಇಳಿಯಬೇಡಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ, ಅಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ನಾನು ನೋಡಿದ ಒಬ್ಬ ಗೈಡ್ ದಿನವಿಡೀ ಪಿಕಪ್‌ನಲ್ಲಿ ಸುತ್ತಿಸಿದ. ಇಳಿದು ತೆವಳೋಣ ಅಂದರೆ, 'ಸುಮ್ಮನೆ ಕಷ್ಟ ಯಾಕೆ, ಇನ್ನೂ ಹತ್ತಿರದ್ದು ಸಿಗುತ್ತದೆ' ಅನ್ನುತ್ತಿದ್ದ. ಮಾಂಸ ಕತ್ತರಿಸಿ ಕೊಡುವ ಖರ್ಚು ಬೇರೆ ಅಂತ ಕೊನೆಗೆ ಹೇಳಿದ. ಇನ್ನೊಬ್ಬರು ಹಿರಿಯರು, ದನ ಸಾಕುವ ಮನೆಯವರು. ನೀರಿನ ತೊಟ್ಟಿ ಎಲ್ಲಿದೆ, ಬೇಲಿಯ ಕೆಳಗೆ ಪ್ರಾಣಿ ನುಸುಳುವ ಜಾಗ ಯಾವುದು ಅಂತ ತೋರಿಸಿಕೊಟ್ಟರು. ಪ್ರಾಂಗ್‌ಹಾರ್ನ್ ಬೇಲಿ ಹಾರುವುದು ಅಪರೂಪ, ತೂರಿಕೊಂಡೇ ಹೋಗುತ್ತದೆ. ಆ ಒಂದು ವಿಷಯಕ್ಕೇ ಅವರಿಗೆ ಕೊಟ್ಟ ದುಡ್ಡು ಬಂತು. ಈಗ ಗೈಡ್ ಬಿಟ್ಟು ಜಮೀನಿನವರಿಗೇ ಪ್ರವೇಶ ಶುಲ್ಕ ಕೊಡುತ್ತೇನೆ, ಇಲ್ಲದಿದ್ದರೆ ಬೇಟೆಗಾರರು ನಡೆದು ಹೋಗಲು ರಾಜ್ಯ ತೆರೆಸಿಕೊಟ್ಟ ವಾಕ್-ಇನ್ ಜಾಗಗಳಿಗೆ ಹೋಗುತ್ತೇನೆ.

ಗೈಡ್ ಬೇಕೇ ಬೇಕು ಅಂದರೆ ಬೇಟೆ ಗೈಡ್‌ಗಳ ಮೇಲೆ ನಿಗಾ ಇಡುವ ರಾಜ್ಯದ ಔಟ್‌ಫಿಟ್ಟರ್ಸ್ ಬೋರ್ಡಿನ ಲೈಸೆನ್ಸ್ ಇದೆಯಾ ನೋಡಿ. ಹಳೇ ಫೋಟೊ ನಂಬಬೇಡಿ. 2022-23ರ ಚಳಿಗಾಲದಲ್ಲಿ ಪಶ್ಚಿಮ ವಯೋಮಿಂಗ್‌ನಲ್ಲಿ ಸಾವಿರಗಟ್ಟಲೆ ಪ್ರಾಣಿ ಸತ್ತವು, ಲೈಸೆನ್ಸ್‌ಗಳನ್ನೂ ಕಡಿತ ಮಾಡಿದರು. ಕಳೆದ ಎರಡು ಸೀಸನ್‌ನಲ್ಲಿ ಅದೇ ಜಾಗದಲ್ಲಿ ಏನು ಸಿಕ್ಕಿತು ಅಂತ ಕೇಳಿ. ಹೊರ ರಾಜ್ಯದವರ ಬೇಟೆ ಲೈಸೆನ್ಸ್ ಅರ್ಜಿ ಜೂನ್ ಶುರುವಿಗೇ ಮುಗಿಯುತ್ತದೆ, ಆಮೇಲೆ ಲಾಟರಿ. ಲಾಟರಿಯಲ್ಲಿ ಹೆಸರು ಬಾರದಿದ್ದರೆ ಮುಂಗಡ ವಾಪಸ್ ಕೊಡುತ್ತಾರಾ ಅನ್ನುವುದನ್ನು ಗೈಡ್ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಂಡೇ ದುಡ್ಡು ಕಳಿಸಿ.